ಅಂಗಡಿಯ ಶಾರ್ಕ್, ಹೊಳೆಯ ಹಾವುಮೀನು

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಐದನೆಯ ತರಗತಿಯಲ್ಲಿ ಓದುವ ಮಗನಿಗೆ ಮೀನೆಂದರೆ ಪ್ರಾಣ. ಶಾರ್ಕ್ ಎಂದರಂತೂ ಊಟ, ನಿದ್ದೆ ಎರಡೂ ಬೇಡ. ಹುಟ್ಟುಹಬ್ಬಕ್ಕೆಂದು ಹಾಸನದ ಅಕ್ವೇರಿಯಂ ಅಂಗಡಿಯೊಂದರಿಂದ ಎರಡು ‘ಶಾರ್ಕ್’ ಮರಿಗಳನ್ನು ತಂದು ಎರಡು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಬಿಟ್ಟೆವು. ಬೆಳ್ಳಿಯಂತೆ ಹೊಳೆಯುವ ಮೈ, ಬೆನ್ನ ಮೇಲೆ ಶಾರ್ಕ್‌ನದರಂತೆಯೇ ನೆಟ್ಟಗೆ ನಿಂತ ರೆಕ್ಕೆ, ಬಾಯಿಯ ಬಳಿ ಸಣ್ಣ ಮೀಸೆ. ಈಗ ಗೇಣುದ್ದ ಆಗಿವೆ. ಯಾರಾದರೂ ಹತ್ತಿರ ಹೋದರೆ ಸಾಕು, ಗಾಜಿಗೆ ಮೂತಿ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತವೆ. ಇವು ನಿಜವಾದ ಶಾರ್ಕ್‌ಗಳೇ? ಇನ್ನೂ ಬೆಳೆದರೆ ತೋಟದ ಕೆರೆಗೋ ಹೇಮಾವತಿಗೋ ಬಿಡಬಹುದೇ? ನಮ್ಮ ನದಿಗಳಿಗೆ ಶಾರ್ಕ್ ಬರುತ್ತದೆಯೇ ಎಂದು ಮಗ ದಿನವೂ ಕೇಳುತ್ತಾನೆ. ಸಮುದ್ರವೇ ಇಲ್ಲದ ಊರಿನಲ್ಲಿ ಅವನ ಆಸಕ್ತಿಯನ್ನು ಹೇಗೆ ಬೆಳೆಸುವುದು? ಮೀನಿನ ಹುಚ್ಚು ಹಿಡಿದರೆ ಓದು ಕೆಡುತ್ತದೆ ಎಂದು ಅವನ ಅಜ್ಜಿಗೆ ಚಿಂತೆ.
— ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ತೊಟ್ಟಿಯಲ್ಲಿ ಇರುವುದು ಶಾರ್ಕ್ ಅಲ್ಲ. ನೀವು ಹೇಳಿದ ಮೈಬಣ್ಣ, ಮೀಸೆ, ಬೆದರುವ ಸ್ವಭಾವ ಇವೆಲ್ಲ ಪಂಗಾಸಿಯಸ್ ಎಂಬ ಮೀಸೆ ಮೀನಿಗೆ ಹೊಂದುತ್ತವೆ. ಅಂಗಡಿಗಳಲ್ಲಿ ಇದನ್ನು ‘ಬ್ಲೂ ಶಾರ್ಕ್’, ‘ಇರಿಡೆಸೆಂಟ್ ಶಾರ್ಕ್’ ಎಂದು ಮಾರುತ್ತಾರೆ. ಬಿಳಿಚು ಬಣ್ಣದ್ದಾದರೆ ‘ವೈಟ್ ಶಾರ್ಕ್’. ‘ರೆಡ್ ಟೇಲ್ ಶಾರ್ಕ್’ ಎಂದು ಸಿಗುವ ಕಪ್ಪು ಮೈ, ಕೆಂಪು ಬಾಲದ ಮೀನೂ ಶಾರ್ಕ್ ಅಲ್ಲ. ಅದು ನಮ್ಮ ಕಾಟ್ಲಾ, ರೋಹುಗಳ ಬಳಗಕ್ಕೆ ಸೇರಿದ್ದು. ಹೋಟೆಲುಗಳಲ್ಲಿ ‘ಬಾಸಾ’ ಎಂದು ಬಡಿಸುವ ಮುಳ್ಳಿಲ್ಲದ ಬಿಳಿ ಮಾಂಸ ಬಹುಮಟ್ಟಿಗೆ ನಿಮ್ಮ ಮಗನ ತೊಟ್ಟಿಯಲ್ಲಿರುವ ಈ ಪಂಗಾಸಿಯಸ್‌ನದೇ.

ಇದನ್ನು ಮಗನಿಗೆ ಮುಚ್ಚಿಡಬೇಡಿ. ಮೀನನ್ನು ನಿಜವಾಗಿ ಪ್ರೀತಿಸುವ ಹುಡುಗನಿಗೆ ಸುಳ್ಳು ಹೆಸರಿಗಿಂತ ನಿಜವಾದ ಮೀನು ದೊಡ್ಡದು. ಪಂಗಾಸಿಯಸ್‌ನ ಊರು ಮೆಕಾಂಗ್. ಲಾವೋಸ್, ಕಾಂಬೋಡಿಯ, ವಿಯೆಟ್ನಾಂಗಳಲ್ಲಿ ಹರಿಯುವ ಆ ಮಹಾನದಿಯಲ್ಲಿ ಇವು ದೊಡ್ಡ ಗುಂಪುಗಳಲ್ಲಿ ತಿರುಗುತ್ತವೆ, ಮೊಟ್ಟೆಯಿಡಲು ನೂರಾರು ಕಿಲೋಮೀಟರ್ ಪ್ರಯಾಣ ಮಾಡುತ್ತವೆ. ಒಂದು ಮೀಟರಿಗೂ ಮೀರಿ ಬೆಳೆದು ನಲವತ್ತು ಕಿಲೋ ದಾಟಿದ ಮೀನುಗಳ ದಾಖಲೆಯಿದೆ. ವಿಯೆಟ್ನಾಂ ಒಂದರಲ್ಲೇ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಸಾಕಿ ಬೆಳೆಸುತ್ತಾರೆ, ನಮ್ಮ ಆಂಧ್ರಪ್ರದೇಶದಲ್ಲೂ ಅದರ ಕೃಷಿ ಜೋರಾಗಿದೆ. ಆದರೆ ಹುಟ್ಟೂರಿನ ನದಿಯಲ್ಲಿ ಸ್ವತಂತ್ರವಾಗಿ ಬದುಕುವ ಪಂಗಾಸಿಯಸ್ ಮಾತ್ರ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿದೆ. ಕೊಳಗಳಲ್ಲಿ ಕೋಟಿಗಟ್ಟಲೆ, ತನ್ನ ನದಿಯಲ್ಲಿ ವಿರಳ. ಈ ಸಂಗತಿ ನನ್ನನ್ನು ಬಹಳ ಕಾಡುತ್ತದೆ.

ಅವು ಗಾಜಿಗೆ ಬಡಿದುಕೊಳ್ಳುವುದಕ್ಕೆ ಕಾರಣವೂ ಇಲ್ಲೇ ಇದೆ. ಗುಂಪಿನಲ್ಲಿ ಇದ್ದರೆ ಮಾತ್ರ ನೆಮ್ಮದಿ ಕಾಣುವ, ಅಪಾಯ ಅನ್ನಿಸಿದ ಕೂಡಲೇ ನೇರ ಮುಂದಕ್ಕೆ ನುಗ್ಗಿ ತಪ್ಪಿಸಿಕೊಳ್ಳುವ ನದಿಯ ಮೀನು ಇದು. ಕಣ್ಣು ಅಷ್ಟು ಚುರುಕಿಲ್ಲ. ನುಗ್ಗಿದರೆ ಮುಂದೆ ಹರಿಯುವ ನೀರು ಇರುತ್ತದೆ ಎಂದು ಅದರ ಮೈಗೆ ಗೊತ್ತು, ಎರಡು ಅಡಿಗೆ ಗಾಜು ಇದೆ ಎಂದು ಗೊತ್ತಿಲ್ಲ. ಬೇರೆ ಏರ್ಪಾಡು ಆಗುವ ತನಕ ತೊಟ್ಟಿಯ ಮೂರು ಕಡೆಗೆ ಗಾಢ ಬಣ್ಣದ ಕಾಗದ ಅಂಟಿಸಿ, ಪ್ರಖರ ದೀಪ ತೆಗೆಯಿರಿ, ಚೂಪು ಕಲ್ಲುಗಳಿದ್ದರೆ ಹೊರಗೆ ಹಾಕಿ, ಮೇಲೆ ಭದ್ರವಾದ ಮುಚ್ಚಳ ಇಡಿ, ಏಕೆಂದರೆ ಇವು ಹಾರುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ. ಬೆಚ್ಚಗಿನ ದೇಶದ ಮೀನು, ಹಾಗಾಗಿ ಡಿಸೆಂಬರ್, ಜನವರಿಯ ನಿಮ್ಮ ಕಡೆಯ ಚಳಿಗೆ ಹೀಟರ್ ಬೇಕೇ ಬೇಕು. ಇಷ್ಟು ಮಾಡಿದರೂ ಅದು ತಾತ್ಕಾಲಿಕ ಉಪಚಾರ ಅಷ್ಟೆ. ಪಂಗಾಸಿಯಸ್ ಮನೆಯ ತೊಟ್ಟಿಯ ಮೀನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಂದ ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆಯೇ ಕೇಳಿ, ಇಲ್ಲದಿದ್ದರೆ ಅದೇ ಮೀನನ್ನು ಅನುಮತಿಯೊಂದಿಗೆ ಸಾಕುವ ಕೃಷಿಕರನ್ನು ಹುಡುಕಿ ಕೊಡಿ. ಜಿಲ್ಲಾ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಅಂಥವರ ಮಾಹಿತಿ ಸಿಗುತ್ತದೆ.

ಹೇಮಾವತಿಗೆ ಬಿಡಬೇಡಿ. ತೋಟದ ಕೆರೆಗೂ ಬಿಡಬೇಡಿ. ಜುಲೈ ತಿಂಗಳಲ್ಲಿ ಮಲೆನಾಡಿನ ಕೆರೆಗಳ ಕೋಡಿ ಹರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಕೆರೆಗೆ ಬಿಟ್ಟ ಮೀನು ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಒಂದೇ ಮಳೆಗಾಲದಲ್ಲಿ ಇಳಿದುಬಿಡುತ್ತದೆ. ತೊಟ್ಟಿಯ ಮೀನಿನ ಜತೆಗೆ ತೊಟ್ಟಿಯ ರೋಗ, ಪರೋಪಜೀವಿಗಳೂ ಇಳಿಯುತ್ತವೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ ಇಂದು ಯಾವ ಕೆರೆಗೆ ಬಲೆ ಹಾಕಿದರೂ ಸಿಗುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ನುಂಗುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ ನಿಷೇಧಿಸಿ ಎರಡು ದಶಕ ದಾಟಿದರೂ ಅದು ನೀರಿನಿಂದ ಹೋಗಿಲ್ಲ. ಹೊಳೆಗೆ ಸೇರಿದ ಮೀನನ್ನು ವಾಪಸು ಹಿಡಿಯುವ ಬಲೆ ಯಾರ ಬಳಿಯೂ ಇಲ್ಲ.

ದೂರದೇಶದ ಮೀನು ಮಾತ್ರವಲ್ಲ, ಪಕ್ಕದ ನದಿಯ ಮೀನೂ ಹಾನಿ ಮಾಡಬಲ್ಲದು ಎನ್ನುವುದಕ್ಕೆ ನಿಮ್ಮ ಹೇಮಾವತಿ ಸೇರುವ ಕಾವೇರಿಯೇ ಸಾಕ್ಷಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾವೇರಿಯಲ್ಲಿ ಬೆನ್ನು ಉಬ್ಬಿದ ಒಂದು ಮಹಸೀರ್ ಇದೆ, ನಮ್ಮವರು ಬಿಳಿಮೀನು ಎನ್ನುವ ಬಳಗದ್ದು. ಕಿತ್ತಳೆ ಬಣ್ಣದ ರೆಕ್ಕೆ, ಅಂಗೈಯಗಲದ ಹುರುಪೆ. ಜಗತ್ತಿನಲ್ಲಿ ಅದು ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು, ಎಂದರೆ ಸುಮಾರು 54 ಕಿಲೋ. ಗಾಳ ಹಾಕುವ ಹವ್ಯಾಸಿಗಳು ಜಗತ್ತಿನ ಮೂಲೆಮೂಲೆಯಿಂದ ಈ ಮೀನಿಗಾಗಿ ಬರುತ್ತಿದ್ದರು. ಅಷ್ಟು ಪ್ರಸಿದ್ಧವಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ! ಕಾವೇರಿಯ ನೀರಿಗೇ ಸೇರುವ ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ತೀರ್ಮಾನವಾದದ್ದು 2018ರಲ್ಲಿ. ಮೀನುಗಳ ಅಧ್ಯಯನದಲ್ಲಿ ಬಾಳು ಸವೆಸಿದ ರೆಮಾ ದೇವಿ ಎಂಬ ವಿಜ್ಞಾನಿಯ ಹೆಸರು ಅದಕ್ಕಿದೆ. ಅದೇ ವರ್ಷ ಅದು ‘ತೀವ್ರವಾಗಿ ಅಳಿವಿನಂಚಿನಲ್ಲಿರುವ’ ಜೀವಿಗಳ ಪಟ್ಟಿಗೂ ಸೇರಿತು.

ಅಳಿವಿಗೆ ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಎಲ್ಲವೂ ಕಾರಣ. ಆದರೆ ಒಂದು ಕಾರಣ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಮಹಸೀರ್ ಕಡಿಮೆಯಾಗುತ್ತಿದೆ ಎಂದು ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮಹಸೀರ್ ಮರಿಗಳನ್ನು ವರ್ಷಗಟ್ಟಲೆ ಕಾವೇರಿಗೆ ಬಿಟ್ಟರು. ಅದು ಟಾರ್ ಖುದ್ರೀ, ಕೃಷ್ಣಾ ನದಿಯ ಕಡೆಯ ಮೀನು. ಹೊಸ ಮೀನು ಹೆಚ್ಚುತ್ತಾ ಹೋಯಿತು, ಕಾವೇರಿಯ ಸ್ವಂತ ಮೀನು ಕರಗುತ್ತಾ ಹೋಯಿತು. ಎರಡೂ ಮಹಸೀರ್‌ಗಳೇ. ಹೀಗಿರುವಾಗ ಮೆಕಾಂಗ್‌ನ ಮೀನನ್ನು ಹೇಮಾವತಿಗೆ ಬಿಡುವ ಮಾತೇ ಬರುವುದಿಲ್ಲ.

ಈಗ ನಿಜವಾದ ಶಾರ್ಕ್‌ಗೆ ಬರೋಣ. ನಿಮ್ಮ ಮಗ ಅದನ್ನು ಪರದೆಯ ಮೇಲೆ ಮಾತ್ರ ನೋಡಿರಬೇಕು. ಕೈಯಿಂದ ಮುಟ್ಟಿ ನೋಡುವ ಅವಕಾಶ ಹಾಸನದಲ್ಲೇ ಇದೆ. ಶಿರಾಡಿ ಘಾಟಿ ಹತ್ತಿ ಬರುವ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಜತೆಗೆ ಕೆಲವೊಮ್ಮೆ ತೊರಕೆಯೂ ಮೊಣಕೈ ಉದ್ದದ ಸಣ್ಣ ಶಾರ್ಕ್‌ಗಳೂ ಇರುತ್ತವೆ. ಈ ಶಾರ್ಕ್‌ಗಳನ್ನು ಕರಾವಳಿಯವರು ತಾಟೆ ಎನ್ನುತ್ತಾರೆ. ಬೆಳಿಗ್ಗೆ ಬೇಗ, ಗಿರಾಕಿಗಳ ನೂಕುನುಗ್ಗಲು ಶುರುವಾಗುವ ಮೊದಲು, ಮಗನನ್ನು ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಮಾರುವವರನ್ನು ವಿನಯದಿಂದ ಕೇಳಿ. ಮಗು ಮೀನು ನೋಡಬೇಕೆಂದು ಬಂದಿದೆ ಎಂದರೆ ಬೇಡ ಎನ್ನುವವರು ಕಡಿಮೆ. ಕೊಳ್ಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಬಿಟ್ಟು ಹೋಗಿ.

ಸಿಕ್ಕಿದರೆ ಹೀಗೆ ನೋಡಲಿ. ಮೊದಲು ಅಂಗೈಯನ್ನು ತಲೆಯಿಂದ ಬಾಲದ ಕಡೆಗೆ ಸವರಲಿ: ನುಣುಪು. ಬಾಲದಿಂದ ತಲೆಯ ಕಡೆಗೆ ಸವರಲಿ: ಉಪ್ಪು ಕಾಗದದಂತೆ ಕೈಗೆ ಒರಟಾಗಿ ಹತ್ತುತ್ತದೆ. ಶಾರ್ಕ್‌ನ ಚರ್ಮದ ತುಂಬ ಇರುವುದು ಮೀನಿನ ಮಾಮೂಲಿ ಹುರುಪೆಯಲ್ಲ, ಹಿಂದಕ್ಕೆ ಬಾಗಿದ ಕಿರಿಕಿರಿದಾದ ಹಲ್ಲುಗಳು. ರಚನೆಯಲ್ಲಿ ನಮ್ಮ ಹಲ್ಲಿನಂತೆಯೇ ಒಳಗೆ ದಂತದ್ರವ್ಯ, ಹೊರಗೆ ಗಟ್ಟಿ ಹೊದಿಕೆ. ನೀರು ಆ ಮೈಯ ಮೇಲೆ ಸುಳಿಯೇಳದೆ ಜಾರುತ್ತದೆ. ಆಮೇಲೆ ಕತ್ತಿನ ಪಕ್ಕ ನೋಡಲಿ. ಬಂಗುಡೆಯಲ್ಲಿ ಕಿವಿರಿನ ಮೇಲೆ ಒಂದು ಮುಚ್ಚಳ ಇರುತ್ತದೆ. ಶಾರ್ಕ್‌ನಲ್ಲಿ ಮುಚ್ಚಳವಿಲ್ಲದ ಸೀಳುಗಳು, ಸಾಮಾನ್ಯವಾಗಿ ಐದು. ಬೆನ್ನೆಲುಬನ್ನು ಬಾಗಿಸಿದರೆ ಮೂಳೆಯ ಬಿಗಿ ಇಲ್ಲ, ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿ.

ಈಗ ಮೂತಿಯ ಕೆಳಭಾಗಕ್ಕೆ ಬೆಳಕು ಹಿಡಿಯಿರಿ. ಸೂಜಿ ಚುಚ್ಚಿದಂಥ ನೂರಾರು ರಂಧ್ರಗಳು ಕಾಣುತ್ತವೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಂದೊಂದರಿಂದಲೂ ಪಾರದರ್ಶಕವಾದ ಲೋಳೆಯ ಹನಿ ಹೊರಬರುತ್ತದೆ. ಇಟಲಿಯ ಸ್ಟೆಫಾನೊ ಲೊರೆಂಝಿನಿ 1678ರಲ್ಲೇ ಈ ರಂಧ್ರಗಳನ್ನು ವಿವರಿಸಿದ್ದ. ಅವು ಏತಕ್ಕೆ ಎಂದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಪ್ರತಿಯೊಂದು ಜೀವಿಯ ಸ್ನಾಯು, ಹೃದಯ ಕೆಲಸ ಮಾಡುವಾಗ ಸುತ್ತಲಿನ ನೀರಿನಲ್ಲಿ ಅತಿ ಸಣ್ಣ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಶಾರ್ಕ್ ಅದನ್ನು ಈ ಲೋಳೆ ತುಂಬಿದ ನಾಳಗಳಿಂದ ಗ್ರಹಿಸುತ್ತದೆ. ಒಂದು ವೋಲ್ಟನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಐದೇ ಪಾಲಿನಷ್ಟು ವ್ಯತ್ಯಾಸ ಒಂದು ಸೆಂಟಿಮೀಟರ್ ಅಂತರದಲ್ಲಿ ಇದ್ದರೂ ಕೆಲವು ಶಾರ್ಕ್‌ಗಳಿಗೆ ತಿಳಿಯುತ್ತದೆ. ಮರಳಿನಡಿ ಅಲ್ಲಾಡದೆ ಅಡಗಿ ಕುಳಿತ ಮೀನೂ ತನ್ನ ಹೃದಯ ಬಡಿತವನ್ನು ನಿಲ್ಲಿಸಲಾರದಲ್ಲ!

ಮಗನಿಗೆ ಹೇಳಲೇಬೇಕಾದ ಇನ್ನೊಂದು ಮಾತು: ಅವನ ತೊಟ್ಟಿಯ ಪಂಗಾಸಿಯಸ್‌ಗೂ, ನಿಮ್ಮ ಗದ್ದೆಯ ಕೆಸರಿನ ಚೇಳುಮೀನಿಗೂ ಈ ಶಕ್ತಿ ಇದೆ. ಮೀಸೆ ಮೀನುಗಳ ಬಳಗ ವಿದ್ಯುತ್ ಗ್ರಹಿಸುವ ಅಂಗಗಳನ್ನು ತಾನೇ ಬೇರೆಯಾಗಿ ರೂಪಿಸಿಕೊಂಡಿದೆ. ಶಾರ್ಕ್‌ಗೂ ಅವಕ್ಕೂ ಹತ್ತಿರದ ನಂಟಿಲ್ಲ. ಕೆಸರು ನೀರಿನಲ್ಲಿ, ಕತ್ತಲಲ್ಲಿ ಆಹಾರ ಹುಡುಕುವ ಕಷ್ಟ ಎರಡಕ್ಕೂ ಒಂದೇ, ಕಂಡುಕೊಂಡ ದಾರಿಯೂ ಒಂದೇ ಬಗೆಯದು. ಮೂವತ್ತು ವರ್ಷ ಪಾಠ ಹೇಳಿದವರಿಗೂ ಈ ವಿಷಯ ಹೇಳುವಾಗ ಧ್ವನಿ ಏರುತ್ತದೆ.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಸಿಗುವ ಸಣ್ಣ ಶಾರ್ಕ್ ಸ್ಕಾಲಿಯೋಡಾನ್. ಸಲಿಕೆಯಂತೆ ಚಪ್ಪಟೆ ಮೂತಿಯದು, ಬೆಳೆದರೂ ಎರಡು ಅಡಿಯ ಆಸುಪಾಸು. ಅದು ಮೊಟ್ಟೆಯಿಡುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಮರಿಗೆ ಮಾಸು, ಹೊಕ್ಕುಳಬಳ್ಳಿಗಳ ಮೂಲಕ ಪೋಷಣೆ ದೊರೆಯುತ್ತದೆ, ಹಸು ಮೇಕೆಗಳಲ್ಲಿ ಇದ್ದ ಹಾಗೆ. ಇದಕ್ಕೆ ಎದುರು ತುದಿಯಲ್ಲಿ ಹದಿನೆಂಟು ಮೀಟರ್‌ವರೆಗೂ ಬೆಳೆಯಬಲ್ಲ ತಿಮಿಂಗಿಲ ಶಾರ್ಕ್, ಜಗತ್ತಿನ ಅತಿ ದೊಡ್ಡ ಮೀನು. ತಿನ್ನುವುದು ನೀರು ಸೋಸಿ ಸಿಗುವ ಪುಟ್ಟ ಜೀವಿಗಳನ್ನು. ಬೆನ್ನ ಮೇಲಿನ ಬಿಳಿ ಚುಕ್ಕೆಗಳ ವಿನ್ಯಾಸ ಒಂದೊಂದರಲ್ಲೂ ಬೇರೆ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳನ್ನು ಹೋಲಿಸಲು ಖಗೋಳ ವಿಜ್ಞಾನಿಗಳು ರೂಪಿಸಿದ ಲೆಕ್ಕದ ವಿಧಾನವನ್ನೇ ಬಳಸಿ ಇವನ್ನು ಗುರುತಿಸುತ್ತಾರೆ. ಭಾರತದಲ್ಲಿ 2001ರಿಂದ ಅದಕ್ಕೆ ಹುಲಿಯಷ್ಟೇ ಕಾನೂನಿನ ರಕ್ಷಣೆ ಇದೆ. ಉತ್ತರ ಧ್ರುವದ ಹತ್ತಿರದ ತಣ್ಣೀರಿನ ಗ್ರೀನ್‌ಲ್ಯಾಂಡ್ ಶಾರ್ಕ್ ಕನಿಷ್ಠ 272 ವರ್ಷ ಬದುಕಬಲ್ಲದು ಎಂದು 2016ರಲ್ಲಿ ಅದರ ಕಣ್ಣಿನ ಮಸೂರದ ಪರೀಕ್ಷೆಯಿಂದ ಅಂದಾಜು ಮಾಡಿದ್ದಾರೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಅಷ್ಟು ದೀರ್ಘಾಯುಸ್ಸು ಬೇರೆ ಯಾವುದರದೂ ಗೊತ್ತಾಗಿಲ್ಲ.

ಹುಡುಗರು ಮೊದಲು ಕೇಳುವುದು ಮನುಷ್ಯರನ್ನು ತಿನ್ನುವ ಕಥೆ. ಕೆಣಕದೆಯೂ ಶಾರ್ಕ್ ದಾಳಿ ಮಾಡಿ ಮನುಷ್ಯರು ಸಾಯುವುದು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಹತ್ತರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಮನುಷ್ಯರು ಕೊಲ್ಲುವ ಶಾರ್ಕ್‌ಗಳ ಸಂಖ್ಯೆ ವರ್ಷಕ್ಕೆ ಸುಮಾರು ಹತ್ತು ಕೋಟಿ ಎಂದು 2013ರ ಒಂದು ಅಂದಾಜು. ಬಹುಪಾಲು ಶಾರ್ಕ್‌ಗಳು ತಡವಾಗಿ ಪ್ರಾಯಕ್ಕೆ ಬರುತ್ತವೆ, ಕಡಿಮೆ ಮರಿ ಹಾಕುತ್ತವೆ, ಬೂತಾಯಿಯಂತೆ ವರ್ಷದೊಳಗೆ ಚೇತರಿಸಿಕೊಳ್ಳಲಾರವು. ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯುವ ಕ್ರೌರ್ಯವನ್ನು ಭಾರತ 2013ರಲ್ಲಿ ನಿಷೇಧಿಸಿತು, 2015ರಲ್ಲಿ ರೆಕ್ಕೆಗಳ ರಫ್ತನ್ನೂ ನಿಲ್ಲಿಸಿತು. ಸರಿಯಾದ ಕೆಲಸ.

ನಮ್ಮ ನದಿಗೆ ಶಾರ್ಕ್ ಬರುತ್ತದೆಯೇ? ಮಗ ಕೇಳಿರುವುದು ಒಳ್ಳೆಯ ಪ್ರಶ್ನೆ. ಬಹುತೇಕ ಶಾರ್ಕ್‌ಗಳು ರಕ್ತದಲ್ಲಿ ಯೂರಿಯಾ ಉಳಿಸಿಕೊಂಡು ಸಮುದ್ರದ ಉಪ್ಪಿಗೆ ಸಮನಾಗಿರುತ್ತವೆ. ಸಿಹಿನೀರಿಗೆ ಬಂದರೆ ನೀರು ಮೈಯೊಳಗೆ ನುಗ್ಗಿ, ಲವಣ ಹೊರಗೆ ಸೋರಿ ಸಾಯುತ್ತವೆ. ಆದರೆ ಬುಲ್ ಶಾರ್ಕ್ ತನ್ನ ಮೂತ್ರಪಿಂಡ, ಕಿವಿರುಗಳ ಕೆಲಸವನ್ನು ಬದಲಿಸಿಕೊಂಡು ಎರಡೂ ನೀರಿನಲ್ಲಿ ಇರಬಲ್ಲದು. 1937ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಸಮುದ್ರದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, ಆಲ್ಟನ್ ಎಂಬ ಊರಿನಲ್ಲಿ ಒಂದನ್ನು ಹಿಡಿದಿದ್ದರು. ನಮ್ಮ ದೇಶದಲ್ಲೇ ಗಂಗಾ ಶಾರ್ಕ್ ಎಂಬ ನದಿಯ ಶಾರ್ಕ್ ಇದೆ, ಬಹಳ ಅಪರೂಪ. ಆದರೆ ಹೇಮಾವತಿಗೆ ಬರಲು ಶಾರ್ಕ್ ಬಂಗಾಳ ಕೊಲ್ಲಿಯಿಂದ ಹೊರಟು ಕಲ್ಲಣೆ, ಮೆಟ್ಟೂರು, ಶಿವನಸಮುದ್ರದ ಜಲಪಾತ, ಕನ್ನಂಬಾಡಿ, ಗೊರೂರು ಎಲ್ಲವನ್ನೂ ದಾಟಬೇಕು. ಅದು ಆಗದ ಮಾತು.

ಆದರೆ ಸಮುದ್ರದಿಂದ ನಿಜವಾಗಿಯೂ ನಿಮ್ಮ ಕಡೆಯ ಹೊಳೆಗೆ ಬರುವ ಮೀನೊಂದಿದೆ: ಹಾವುಮೀನು. ಮೈಮೇಲೆ ಕಂದು ಹಳದಿ ಮಚ್ಚೆಗಳಿರುವ ಇದು ಹುಟ್ಟುವುದು ಹಿಂದೂ ಮಹಾಸಾಗರದಲ್ಲಿ, ಎಲೆಯಂತೆ ಚಪ್ಪಟೆಯಾದ, ಗಾಜಿನಷ್ಟು ಪಾರದರ್ಶಕವಾದ ಮರಿಯಾಗಿ. ಪ್ರವಾಹದಲ್ಲಿ ತೇಲುತ್ತ ಕರಾವಳಿ ತಲುಪಿ, ದಾರದಂಥ ಎಳೆ ಹಾವುಮೀನಾಗಿ ರೂಪ ಬದಲಿಸಿ ನದಿಮುಖ ಹೊಕ್ಕು ಮೇಲೇರುತ್ತದೆ. ತೇವವಿರುವ ಬಂಡೆಯ ಮೈಗೆ ಅಂಟಿಕೊಂಡೇ ಸಣ್ಣ ಜಲಪಾತಗಳನ್ನು ಹತ್ತುತ್ತದೆ. ಹೊಳೆಯ ಮಡುಗಳಲ್ಲಿ, ಬಂಡೆಯ ಸಂದಿಗಳಲ್ಲಿ ವರ್ಷಗಳ ಕಾಲ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಯಾವುದೋ ಮಳೆಗಾಲದ ಕೆಂಪು ನೀರಿನಲ್ಲಿ ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ. ಹಗಲು ಹೊತ್ತು ಅದರ ತಲೆಯೊಂದೇ ಸಂದಿಯಿಂದ ಹೊರಗಿರುತ್ತದೆ. ಕಿವಿರಿನ ಹಿಂದಿನ ಪುಟ್ಟ ರೆಕ್ಕೆ ಬೀಸಣಿಗೆಯಾಡುವುದನ್ನು ನೋಡಿದವರು ಇದು ಹಾವಲ್ಲ, ಮೀನು ಎಂದು ಆ ಕ್ಷಣವೇ ನಂಬುತ್ತಾರೆ.

ಹಾಗಾಗಿ ಸಮುದ್ರ ಕಾಣದ ಊರು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಿಸಿಲೆ ಕಡೆಯ ರಸ್ತೆಯಲ್ಲಿ, ಬಿದ್ದ ಮಳೆ ಒಂದು ಪಕ್ಕ ಅರಬ್ಬೀ ಸಮುದ್ರಕ್ಕೂ ಇನ್ನೊಂದು ಪಕ್ಕ ಬಂಗಾಳ ಕೊಲ್ಲಿಗೂ ಹರಿಯುವ ಏಣು ಇದೆ, ಗುರುತಿನ ಕಲ್ಲೂ ಇದೆ. ಮಗನನ್ನು ಅಲ್ಲಿ ನಿಲ್ಲಿಸಿ ನಕ್ಷೆ ಬಿಡಿಸಿ. ಕೆಂಪುಹೊಳೆಯ ನೀರು ಗುಂಡ್ಯಕ್ಕೆ, ಕುಮಾರಧಾರಾಕ್ಕೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಮಂಗಳೂರಿನಲ್ಲಿ ಕಡಲಿಗೆ. ಹೇಮಾವತಿ, ಯಗಚಿ ಕಾವೇರಿಗೆ. ಬೆಟ್ಟದ ಸಾಲಿನಲ್ಲಿ ಇನ್ನಷ್ಟು ಉತ್ತರಕ್ಕೆ, ಗಂಗಾಮೂಲದಿಂದ ಹೊರಟ ತುಂಗಾ, ಭದ್ರಾ ಕೃಷ್ಣೆಗೆ. ಹಾಸನ, ಚಿಕ್ಕಮಗಳೂರು ಎಂಬ ಎರಡೇ ಜಿಲ್ಲೆಗಳಲ್ಲಿ ಮೂರು ನೀರಿನ ಲೋಕಗಳಿವೆ, ಒಂದೊಂದರ ಮೀನೂ ಬೇರೆ. ಯಾವ ಮೀನು ಯಾವ ನೀರಿನದು ಎಂಬ ಈ ಒಂದು ಪ್ರಶ್ನೆ ಮನಸ್ಸಿನಲ್ಲಿ ನಿಂತರೆ ಹುಡುಗ ದೊಡ್ಡವನಾದ ಮೇಲೂ ಮೀನನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಹೊಳೆಗೆ ಒಂದು ಒಡ್ಡು ಕಟ್ಟಿದರೆ ಕೆಳಗಿನಿಂದ ಹತ್ತಿ ಬರುವ ಎಳೆ ಹಾವುಮೀನು ಎಲ್ಲಿ ನಿಲ್ಲುತ್ತದೆ ಎಂದು ಅವನೇ ಕೇಳುತ್ತಾನೆ. ಎತ್ತಿನಹೊಳೆ ಹರಿಯುವ ತಾಲ್ಲೂಕಿನ ಮಗು ಅದನ್ನು ಕೇಳಲೇಬೇಕು.

ತೋಟದ ಹಳ್ಳದಲ್ಲೇ ನೋಡಬೇಕಾದದ್ದು ಬೇಕಾದಷ್ಟಿದೆ. ಮಳೆ ನಿಂತು ನೀರು ತಿಳಿಯಾದ ಮೇಲೆ, ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ರಭಸವಾಗಿ ನೀರು ಹರಿಯುವ ಬಂಡೆಯ ಮೇಲೆ ಬೆರಳುದ್ದದ, ಬಂಡೆಯದೇ ಬಣ್ಣದ ಮೀನುಗಳು ಅಂಟಿಕೊಂಡಿರುತ್ತವೆ. ಅವುಗಳ ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳು ಬೀಸಣಿಗೆಯಂತೆ ಅಗಲವಾಗಿ, ಅಡ್ಡಡ್ಡ ಚಾಚಿ, ಬಂಡೆಯನ್ನು ಹಿಡಿದಿರುತ್ತವೆ. ನಿಂತ ನೀರಿನ ಮಡುವಿನಲ್ಲಿ ನೀಲಿ ಹಳದಿ ಗೆರೆಗಳ ಮೀನು ಗುಂಪುಗಟ್ಟಿ ಮೇಲ್ಮೈಗೆ ಬಿದ್ದ ಹುಳುಗಳಿಗೆ ಹಾರುತ್ತದೆ. ಹೊರಗೆ ತೆಗೆದು ನೋಡಬೇಕಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣಗಿದ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ, ಆಮೇಲೆ ರೋಗ ಹತ್ತುತ್ತದೆ. ಗಾಜಿನ ಲೋಟದಲ್ಲಿ ಒಂದೆರಡು ನಿಮಿಷ ಇಟ್ಟು ನೋಡಿ ಅದೇ ಜಾಗದಲ್ಲಿ ಬಿಡಲಿ. ನಿಮ್ಮ ಸ್ವಂತ ತೋಟದೊಳಗಿನ ಹಳ್ಳಕ್ಕಷ್ಟೇ ಈ ಮಾತು; ಮೀಸಲು ಅರಣ್ಯದ ಹೊಳೆಯಲ್ಲಿ ಮೀನಿಗೆ ಕೈ ಹಾಕುವುದು ಅಪರಾಧ. ದೊಡ್ಡವರಿಲ್ಲದೆ ಮಕ್ಕಳು ನೀರಿಗೆ ಇಳಿಯಬಾರದು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಮುಂಗಾರು ಹಿಡಿದ ಮೊದಲ ದಿನಗಳಲ್ಲಿ ಹತ್ತುಮೀನು ಏರುವುದನ್ನು ತಪ್ಪದೆ ತೋರಿಸಿ. ಹೊಸನೀರಿಗೆ ಎದುರಾಗಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತಿ ಬರುವುದು ಮೊಟ್ಟೆಯಿಡಲು. ಯಾವ ದಿನ, ಎಂಥ ಮಳೆಯ ಮೇಲೆ ಏರಿದವು ಎಂದು ಮಗ ವರ್ಷವರ್ಷವೂ ಬರೆದಿಟ್ಟರೆ ಅದು ಬೆಲೆಯುಳ್ಳ ದಾಖಲೆಯಾಗುತ್ತದೆ. ಆ ದಿನಗಳಲ್ಲಿ ಕಾಲುವೆಗೆ ಅಡ್ಡಲಾಗಿ ಕೂಳಿ (ಮೀನು ಹಿಡಿಯುವ ಬಿದಿರ ಬುಟ್ಟಿ) ಒಡ್ಡುವುದು ಮಲೆನಾಡಿನ ಹಳೆಯ ರೂಢಿ. ನನ್ನ ಕೋರಿಕೆ ಇಷ್ಟೆ: ನಿಮ್ಮ ಗದ್ದೆಯ ಕಾಲುವೆಯಲ್ಲಾದರೂ ಅರ್ಧದಷ್ಟು ದಾರಿ ಮೀನಿಗೆ ಬಿಡಿ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಅದು.

ದೊಡ್ಡ ಮೀನು ಕಣ್ಣಾರೆ ನೋಡಬೇಕಾದರೆ ಶೃಂಗೇರಿಗೆ ಹೋಗಿ. ತುಂಗೆಯ ಮೆಟ್ಟಿಲುಗಳ ಬಳಿ ಯಾರೂ ಮೀನು ಹಿಡಿಯುವುದಿಲ್ಲ, ಹಾಗಾಗಿ ಮಹಸೀರ್‌ಗಳು ತೋಳುದ್ದಕ್ಕೂ ಮೀರಿ ಬೆಳೆದಿವೆ. ನಿಮ್ಮ ಜಿಲ್ಲೆಯಲ್ಲೇ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿ ಪುಷ್ಕರಿಣಿಯ ಹತ್ತಿರವೂ ಹೀಗೆಯೇ ದೇವರ ಮೀನುಗಳಿವೆ. ಎರಡೂ ಕಡೆ ನೋಡಿದರೆ ಕೃಷ್ಣೆಯ ನೀರು, ಕಾವೇರಿಯ ನೀರು ಎರಡನ್ನೂ ನೋಡಿದಂತಾಯಿತು. ಎಲ್ಲರೂ ಹೋದ ಕೂಡಲೇ ಮಂಡಕ್ಕಿ ಚೆಲ್ಲುತ್ತಾರೆ, ಮೀನು ಮುಗಿಬೀಳುತ್ತದೆ, ಮಕ್ಕಳು ಕಿರುಚುತ್ತಾರೆ, ಮುಗಿಯಿತು. ಮಂಡಕ್ಕಿ ಎಸೆಯುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಪ್ರತಿ ಮೀನೂ ಹರಿವು ಬರುವ ಕಡೆಗೇ ಮುಖ ಮಾಡಿ ನಿಂತಿರುತ್ತದೆ. ಬಾಲ ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡುತ್ತದೆ, ಮೀನು ಇದ್ದಲ್ಲೇ ಇರುತ್ತದೆ, ಕೆಳಗಿನ ಕಲ್ಲು ಕದಲುವುದಿಲ್ಲ. ಶಾರ್ಕ್‌ನ ಬಾಲವೂ ಹೀಗೆ ಅಡ್ಡಕ್ಕೇ ಆಡುವುದು. ತಿಮಿಂಗಿಲ ಸಸ್ತನಿಯಾದ್ದರಿಂದ ಅದರ ಬಾಲ ಮೇಲಕ್ಕೆ ಕೆಳಕ್ಕೆ. ಮಹಸೀರ್‌ನ ಬಾಯಿಯ ಸುತ್ತ ಎರಡು ಜೊತೆ ಮೀಸೆ ಎಣಿಸಲಿ. ದವಡೆಯಲ್ಲಿ ಹಲ್ಲೇ ಇಲ್ಲ, ಇರುವುದು ಗಂಟಲಿನೊಳಗೆ. ಮೈಯ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಓಡುವ ಒಂದು ಗೆರೆ ಕಾಣುತ್ತದೆ, ಹುರುಪೆಗಳಲ್ಲಿ ಸಣ್ಣ ತೂತುಗಳ ಸಾಲು ಅದು. ನೀರಿನ ಅತಿ ಸಣ್ಣ ಅಲುಗಾಟವನ್ನೂ ಮೀನು ಅದರಿಂದ ತಿಳಿಯುತ್ತದೆ. ನಿಮ್ಮ ಮನೆಯ ಪಂಗಾಸಿಯಸ್‌ಗಳು ನೀವು ಹತ್ತಿರ ಬರುವ ಮೊದಲೇ ಬೆದರುವುದಕ್ಕೆ ನೆಲದ ಮೇಲಿನ ನಿಮ್ಮ ಹೆಜ್ಜೆಯ ಕಂಪನ ತೊಟ್ಟಿಯ ನೀರಿಗೆ ಮುಟ್ಟುವುದೂ ಒಂದು ಕಾರಣ. ಮೃದುವಾಗಿ ನಡೆಯಲು ಮಗನಿಗೆ ಹೇಳಿ.

ಅಜ್ಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕಾಳಜಿ ಸಹಜವಾದದ್ದೇ. ಆದರೆ ಮೀನನ್ನು ಹಿಂಬಾಲಿಸಿದ ಹುಡುಗ ಭೂಗೋಳ, ರಸಾಯನ, ಭೌತವಿಜ್ಞಾನ, ಗಣಿತ ಎಲ್ಲವನ್ನೂ ದಾಟಿಯೇ ಹೋಗಬೇಕಾಗುತ್ತದೆ. ಮೇಲೆ ನಾನು ಬರೆದ ಒಂದೊಂದು ಸಂಗತಿಯೂ ಯಾವುದಾದರೊಂದು ಪಾಠಕ್ಕೆ ಸೇರಿದ್ದು. ಮುಂದೆ ಇದನ್ನೇ ಓದುವ ಮನಸ್ಸಾದರೆ ಮಂಗಳೂರಿನಲ್ಲಿ ಮೀನುಗಾರಿಕೆ ಮಹಾವಿದ್ಯಾಲಯ ಇದೆ, 1969ರಲ್ಲಿ ಆರಂಭವಾದದ್ದು, ದೇಶದಲ್ಲೇ ಮೊದಲನೆಯದು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಅಲ್ಲಿ ನಾಲ್ಕು ವರ್ಷದ ಪದವಿ. ಅದಕ್ಕೆ ಇನ್ನೂ ಬಹಳ ಕಾಲವಿದೆ. ಸದ್ಯಕ್ಕೆ ಅಂಗಡಿಯವರಿಗೆ ಫೋನ್ ಮಾಡಿ ಪಂಗಾಸಿಯಸ್‌ಗಳ ವಿಷಯ ಇತ್ಯರ್ಥ ಮಾಡಿಕೊಳ್ಳಿ. ತೊಟ್ಟಿ ಖಾಲಿಯಾದ ಮೇಲೆ ಅದನ್ನು ಎಸೆಯಬೇಡಿ. ಗಪ್ಪಿ, ಮಾಲಿಗಳಂಥ ಎರಡು ಅಂಗುಲದ ಮೀನುಗಳಿಗೆ ಅಷ್ಟು ಜಾಗ ಧಾರಾಳ, ಎರಡೂ ಮೊಟ್ಟೆಯಿಡದೆ ಮರಿ ಹಾಕುವಂಥವು. ಆ ಮರಿಗಳನ್ನೂ ಹಳ್ಳಕ್ಕೆ ಬಿಡಬಾರದು ಎಂಬುದನ್ನು ಮಗ ಈಗ ನಿಮಗೇ ವಿವರಿಸಿ ಹೇಳಬಲ್ಲ.